ಮೂರನೆಯ ಲೋಟ

ಕಂಪ್ಯೂಟರಿಗೆ ಜೋಡಿಸಿದ ಟೇಪ್ ರೆಕಾರ್ಡರಿನಿಂದ ಕರ್ಕಶವಾದ ಸದ್ದು ಹೊರಟು ಕೋಣೆಯನ್ನೆಲ್ಲ ತುಂಬಿಕೊಂಡಾಗ ಪೊಲೀಸ್ ಫೌಜದಾರ ಅಬ್ದುಲ್ ಗನಿ ಬೆಚ್ಚಿ ಕೈ ಚಾಚಿದರು. ಕ್ಯಾಸೆಟ್ಟು ಹಾಳಾಯಿತೆಂದೇ ಅವರು ತಿಳಿದದ್ದು.

“ಹಂಗ ಬಿಡ್ರಿ ಸಾಹೇಬ್ರ,” ಎಂದಳು ಶಿವಕಾಂತಾ. “ಅದು ಕೆಟ್ಟಿಲ್ಲ. ನಮ್ಮಪ್ಪ ಬರದದ್ದೆಲ್ಲಾ ಆ ಸಪ್ಪಳದಾಗೇ ಅದ.”

ಹದಿನೈದು ವರ್ಷದ ಹುಡುಗಿ, ಹತ್ತನೆಯ ತರಗತಿ. ಅವಳ ಅಪ್ಪ ಶಾಂತಲಿಂಗಪ್ಪ ಆಳಂದದ ಈ ಪ್ರೌಢಶಾಲೆಯಲ್ಲಿ ಗಣಿತದ ಮಾಸ್ತರರಾಗಿದ್ದರು. ಊರ ಹೊರಗೆ ಮಟಕಿಗೆ ಹೋಗುವ ದಾರಿಯ ಬಾವಿಯಲ್ಲಿ ಅವರ ಹೆಣ ಸಿಕ್ಕಿದ್ದು ಶುಕ್ರವಾರ ಬೆಳಿಗ್ಗೆ. ಶನಿವಾರ ಮಣ್ಣು ಮಾಡಿದರು. ಇಂದು ಸೋಮವಾರ. ಶಾಲೆಗೆ ಶುಕ್ರವಾರದಿಂದಲೂ ರಜೆ. ಅಂಗಳದಲ್ಲಿ ನಾಯಿಯೊಂದು ಬಿಸಿಲಿಗೆ ಮಲಗಿದ್ದು ಬಿಟ್ಟರೆ ಯಾರೂ ಇರಲಿಲ್ಲ.

ಗನಿಯವರ ಜೇಬಿನಲ್ಲಿ ಗುಲಬರ್ಗಾದ ಮೇಲಧಿಕಾರಿಗಳಿಂದ ಬೆಳಿಗ್ಗೆಯಷ್ಟೇ ಬಂದ ಸಂದೇಶದ ಚೀಟಿಯಿತ್ತು. ಮಾಸ್ತರ ಮಗಳಿಗಾಗಿ ಅಂಕ ತಿದ್ದಿದ, ಸಿಕ್ಕಿಬಿದ್ದ, ಮಾನಕ್ಕೆ ಅಂಜಿ ಬಾವಿಗೆ ಹಾರಿದ. ಸಂಜೆಯೊಳಗೆ ಹಾಗೆಂದು ಬರೆದು ಕಡತ ಮುಚ್ಚಬೇಕು. ಊರೆಲ್ಲ ಅದನ್ನೇ ಆಡುತ್ತಿತ್ತು. ಗನಿಯವರಿಗೂ ಮೊದಲೆರಡು ದಿನ ಅದೇ ನಿಜವೆನ್ನಿಸಿತ್ತು. ಆದರೆ ಹೆಣದ ಕಾಲಲ್ಲಿ ಎರಡೂ ಚಪ್ಪಲಿಗಳಿದ್ದವು, ಕನ್ನಡಕ ಮಾತ್ರ ಎಲ್ಲಿಯೂ ಸಿಕ್ಕಿರಲಿಲ್ಲ. ಹಾರುವ ಮನುಷ್ಯ ಚಪ್ಪಲಿ ಬಿಟ್ಟು ಹಾರುವುದನ್ನು ಅವರು ಇಪ್ಪತ್ತೆಂಟು ವರ್ಷಗಳ ನೌಕರಿಯಲ್ಲಿ ಹಲವು ಸಲ ಕಂಡಿದ್ದರು. ಅಷ್ಟಕ್ಕೇ ಏನನ್ನೂ ಹೇಳಲಾಗುವುದಿಲ್ಲ. ಆದ್ದರಿಂದಲೇ ಅಂಕ ತಿದ್ದಿದ ಮಾತಾದರೂ ನಿಜವೇ ಎಂದು ನೋಡಲು ಬಂದಿದ್ದರು. ಸರ್ಕಾರ ಹಿಂದಿನ ವರ್ಷ ಕೊಟ್ಟ ಈ ಕಂಪ್ಯೂಟರನ್ನು ನಡೆಸಬಲ್ಲವರು ಆಳಂದದಲ್ಲಿ ಮೂವರೇ. ಒಬ್ಬರು ಸತ್ತಿದ್ದರು. ಇನ್ನೊಬ್ಬರು ವಿಜ್ಞಾನದ ಮಾಸ್ತರ ಕಲ್ಯಾಣಪ್ಪ. ಮೂರನೆಯವಳು ಈ ಹುಡುಗಿ.

ಸದ್ದು ನಿಂತಿತು. ಟಿವಿಯ ಪರದೆಯ ಮೇಲೆ ಬಿಳಿ ಅಕ್ಷರಗಳ ಸಾಲುಗಳು ಮೂಡಿದವು.

“ಕರೆಂಟ್ ಹೋದ್ರ ಇದು ಎಲ್ಲಾ ಮರೀತದರಿ,” ಎಂದಳು ಶಿವಕಾಂತಾ. “ಕ್ಯಾಸೆಟ್ಟಿನಾಗ ಇದ್ದಷ್ಟೇ ಉಳೀತದ. ಅದಕ್ಕ ಲಗೂನ ಬರಕೋರಿ.”

ಗನಿ ನೋಟ್‌ಬುಕ್ಕು ತೆರೆದರು. ಅವಳು ಒಂದೊಂದು ಸಾಲಿನ ಮೇಲೆ ಬೆರಳಿಟ್ಟು ಹೇಳತೊಡಗಿದಳು. ಪ್ರತಿ ಸಾಲಿಗೂ ಒಂದು ನಂಬರು. ಯಂತ್ರ ಆ ನಂಬರಿನ ಪ್ರಕಾರ ಮೇಲಿಂದ ಕೆಳಗೆ ಹೋಗುತ್ತದೆ, ಬರೆದದ್ದನ್ನಷ್ಟೇ ಮಾಡುತ್ತದೆ. ಬರೆದವನ ಮನಸ್ಸಿನಲ್ಲಿ ಏನಿತ್ತೆಂಬುದು ಅದಕ್ಕೆ ಬೇಕಾಗಿಲ್ಲ. ನೂರರಿಂದ ಇನ್ನೂರರವರೆಗಿನ ಸಾಲುಗಳಲ್ಲಿ ಆಯ್ಕೆ ಪರೀಕ್ಷೆಗೆ ಕುಳಿತ ನಲವತ್ತಮೂರು ಮಕ್ಕಳ ಅಂಕಗಳಿದ್ದವು. ಒಬ್ಬೊಬ್ಬರ ಅಂಕ ಯಂತ್ರದೊಳಗಿನ ಒಂದೊಂದು ಡಬ್ಬಿಗೆ ಹೋಗುತ್ತದೆ, ಡಬ್ಬಿಗೆ ಅವರ ಪರೀಕ್ಷೆಯ ಹಾಜರಿ ನಂಬರೇ ಹೆಸರು. ಆಮೇಲೆ ಯಂತ್ರ ಪಕ್ಕಪಕ್ಕದ ಎರಡೆರಡು ಡಬ್ಬಿಗಳನ್ನು ಹೋಲಿಸುತ್ತ, ಹೆಚ್ಚಿನದನ್ನು ಮುಂದೆ ಸರಿಸುತ್ತ, ಮತ್ತೆ ಮತ್ತೆ ಸುತ್ತು ಹೊಡೆಯುತ್ತದೆ. ಸರಿಸಲು ಏನೂ ಉಳಿಯದಿದ್ದಾಗ ಮೊದಲನೆಯವರು ಮೊದಲು, ಕೊನೆಯವರು ಕೊನೆಗೆ ನಿಂತಿರುತ್ತಾರೆ.

ಮೈಸೂರಿನ ವಸತಿ ಕಾಲೇಜಿನಲ್ಲಿ ಸರ್ಕಾರದ ಖರ್ಚಿನಲ್ಲಿ ಓದಲು ತಾಲೂಕಿಗೆ ಒಂದೇ ಜಾಗ. ಕಂಪ್ಯೂಟರ್ ಯಾರ ಮುಖವನ್ನೂ ನೋಡುವುದಿಲ್ಲ, ಅದೇ ಆರಿಸಲಿ ಎಂದು ಶಾಂತಲಿಂಗಪ್ಪನವರೇ ಮುಂದಾಗಿ ಹೇಳಿದ್ದರು. ಬುಧವಾರ ಆಡಳಿತ ಮಂಡಳಿಯವರ ಎದುರಿಗೆ ಯಂತ್ರ ಪಟ್ಟಿ ತೋರಿಸಿತು. ಮೊದಲ ಹೆಸರು ಅವರ ಸ್ವಂತ ಮಗಳದು. ಮಂಡಳಿಯ ಅಧ್ಯಕ್ಷ, ತೊಗರಿ ವ್ಯಾಪಾರದ ಅಡತಿ ಅಂಗಡಿಯ ದೌಲತರಾಯರು ಎದ್ದು ನಿಂತು ಎಲ್ಲರೆದುರಿಗೆ ಮಾಸ್ತರರನ್ನು ಕಳ್ಳನೆಂದು ಕರೆದರು. ವಿಚಾರಣೆಯಾಗಲಿ ಎನ್ನುತ್ತ ಉತ್ತರಪತ್ರಿಕೆಗಳ ಕಟ್ಟನ್ನು ತಮ್ಮ ಮನೆಗೇ ಒಯ್ದರು.

“ನಿನಗ ಎಷ್ಟು ಬಂದಿದ್ದು ಬೇಟಿ?”

“ಎಂಬತ್ತನಾಕು.” ಅವಳ ಬೆರಳು ಪರದೆಯ ಮೇಲೆ ಹಿಂದಕ್ಕೆ ಸರಿಯಿತು. “ಆದ್ರ ಏಳನೇ ನಂಬರಿಗೆ ಇಲ್ಲಿ ತೊಂಬತ್ತೊಂದು ಅದ. ನಮ್ಮಪ್ಪ ತುಂಬಿದ್ದು ತೊಂಬತ್ತೊಂದೇ ಅದರಿ. ಬುಧವಾರ ಪಟ್ಟಿಯೊಳಗ ಆಕಿಗಿ ಎಪ್ಪತ್ತೆಂಟು ಬಂದಿತ್ತು.”

ಏಳನೆಯ ನಂಬರು ಹಿರೋಳ್ಳಿಯ ಬಾನುಬಿ. ಅಪ್ಪನಿಲ್ಲದ ಹುಡುಗಿ, ಅಮ್ಮ ಹಜರಾಬಿ ಕೂಲಿಗೆ ಹೋಗಿ ಓದಿಸುತ್ತಿದ್ದಳು. ಬಾನುಬಿ ದಿನಾಲೂ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳೆಂದೂ, ಬಸ್ಸು ತಪ್ಪಿದ ದಿನ ತಮ್ಮ ಮನೆಯಲ್ಲೇ ಊಟ ಮಾಡಿ ಮಲಗುತ್ತಿದ್ದಳೆಂದೂ ಶಿವಕಾಂತಾ ಹೇಳಿದಳು. ಆಕೆಗೆ ತನಗಿಂತ ಹೆಚ್ಚು ಬಂದದ್ದು ಅವಳಿಗೆ ಆಶ್ಚರ್ಯ ತಂದಂತಿರಲಿಲ್ಲ.

ಇನ್ನೂ ಕೆಳಗೆ ಸರಿದಾಗ ಅವಳ ಕೈ ನಿಂತುಬಿಟ್ಟಿತು.

ಶಾಂತಲಿಂಗಪ್ಪನವರು ಸಾಲುಗಳಿಗೆ ಯಾವಾಗಲೂ ಹತ್ತು ಹತ್ತು ಬಿಟ್ಟು ನಂಬರು ಹಾಕುತ್ತಿದ್ದರು. ಇನ್ನೂರ ಇಪ್ಪತ್ತು, ಇನ್ನೂರ ಮೂವತ್ತು, ಇನ್ನೂರ ನಲವತ್ತು. ನಡುವೆ ಏನಾದರೂ ಸೇರಿಸಬೇಕಾಗಿ ಬಂದರೆ ಜಾಗವಿರಲಿ ಎಂದು. ಆ ಜಾಗದಲ್ಲಿ ಈಗ ಎರಡು ಹೊಸ ಸಾಲುಗಳು ಕುಳಿತಿದ್ದವು. ಇನ್ನೂರ ನಲವತ್ತೊಂದು. ಇನ್ನೂರ ನಲವತ್ತೆರಡು.

ಗನಿ ಬಾಗಿ ನೋಡಿದರು. ಅವರಿಗೆ ತಿಳಿಯಲಿಲ್ಲ.

“ಓದಿ ಹೇಳು.”

“ಹತ್ತೊಂಬತ್ತನೇ ಡಬ್ಬಿಯೊಳಗಿಂದು ಏಳನೇದಕ್ಕ ಹಾಕು ಅಂತ ಮೊದಲನೇದು. ಏಳನೇದರೊಳಗಿಂದು ಹತ್ತೊಂಬತ್ತನೇದಕ್ಕ ಹಾಕು ಅಂತ ಎರಡನೇದು.”

ಹತ್ತೊಂಬತ್ತನೆಯ ನಂಬರು ಯಾರದೆಂದು ಗನಿ ಪರೀಕ್ಷೆಯ ಹಾಜರಿ ಪುಸ್ತಕ ತೆಗೆದು ನೋಡಿದರು. ದೌಲತರಾಯರ ಮಗ. ಪರದೆಯ ಮೇಲೆ ಅವನ ಅಂಕ ಎಪ್ಪತ್ತೆಂಟು.

ಅದಲುಬದಲು ಮಾಡಲು ಯಾರೋ ಹೂಡಿದ ಆಟವೆಂದು ಅವರಿಗೆ ಹೊಳೆಯಿತು. ಆದರೆ ಪಟ್ಟಿಯಲ್ಲಿ ದೌಲತರಾಯರ ಮಗನಿಗೆ ತೊಂಬತ್ತೊಂದು ಬಂದಿರಲಿಲ್ಲವಲ್ಲ? ಇಬ್ಬರಿಗೂ ಎಪ್ಪತ್ತೆಂಟೇ ಬಂದಿತ್ತು.

ಶಿವಕಾಂತಾ ಎದ್ದು ಸ್ಟಾಫ್ ರೂಮಿನಿಂದ ಮೂರು ಸ್ಟೀಲು ಲೋಟಗಳನ್ನು ತಂದಳು. ಗನಿಯವರಿಗೆಂದು ತರಿಸಿಟ್ಟಿದ್ದ ಚಹಾವನ್ನು ಒಂದಕ್ಕೆ ಸುರಿದಳು, ಇನ್ನೊಂದಕ್ಕೆ ನೀರು. ಮೂರನೆಯದನ್ನು ತನ್ನ ಬೆನ್ನ ಹಿಂದೆ ಹಿಡಿದುಕೊಂಡಳು.

“ಚಹಾದ ಲೋಟಿನಾಗ ನೀರು ಬರಬೇಕು, ನೀರಿನ ಲೋಟಿನಾಗ ಚಹಾ ಬರಬೇಕು. ಹೆಂಗ ಮಾಡ್ತೀರಿ?”

ಗನಿ ಎರಡೂ ಲೋಟಗಳನ್ನು ನೋಡಿದರು. ಕೈ ಚಾಚಿದರು, ಹಿಂದೆಳೆದರು. ಆಮೇಲೆ ಸುಮ್ಮನೆ ಅವಳ ಬೆನ್ನ ಹಿಂದಿನ ಲೋಟಕ್ಕೆ ಕೈ ನೀಡಿದರು.

ಅವಳ ಮುಖದಲ್ಲಿ ಮೊದಲ ಸಲ ಏನೋ ಅಲುಗಿತು. ಅಪ್ಪ ಪ್ರತಿ ವರ್ಷ ತರಗತಿಯಲ್ಲಿ ಹೀಗೆಯೇ ಕೇಳುತ್ತಿದ್ದರಂತೆ. ಮೂರನೆಯ ಲೋಟ ಕೇಳಿದವರಿಗೆ ಆ ಚಹಾ ಕುಡಿಯಲು ಕೊಡುತ್ತಿದ್ದರಂತೆ. ಹೇಳುತ್ತ ಹೇಳುತ್ತ ಅವಳು ಕಿಟಕಿಯ ಕಡೆ ತಿರುಗಿ ನಿಂತಳು.

“ಲೋಟಿನಾಗ ಆದ್ರ ಎರಡೂ ಕೂಡಿಕೋತಾವ,” ಎಂದಳು ಅವಳು ಈ ಕಡೆ ತಿರುಗಿ. “ಕಂಪ್ಯೂಟರಿನಾಗ ಹಂಗಲ್ಲ. ಡಬ್ಬಿಗೆ ಹೊಸದು ಹಾಕಿದ ಕೂಡ್ಲೇ ಹಳೇದು ಅಳಿಸಿ ಹೋಗ್ತದ. ಏಳನೇದಕ್ಕ ಎಪ್ಪತ್ತೆಂಟು ಹಾಕಿದಾಗ ಬಾನುಬಿಯ ತೊಂಬತ್ತೊಂದು ಹೋಯ್ತು. ಆಮ್ಯಾಲ ಎರಡನೇ ಸಾಲು ಏಳನೇದರಿಂದ ತಗೊಂಡಿದ್ದೂ ಎಪ್ಪತ್ತೆಂಟೇ. ಮೊದಲು ತೊಂಬತ್ತೊಂದು ತಗದು ಬ್ಯಾರೆ ಡಬ್ಬಿಯೊಳಗ ಇಡಬೇಕಿತ್ತು.”

ಅವಳು ಪರದೆಯ ಕೆಳಭಾಗಕ್ಕೆ ಬೆರಳು ಮಾಡಿದಳು. ಮುನ್ನೂರ ಹತ್ತು, ಮುನ್ನೂರ ಇಪ್ಪತ್ತು, ಮುನ್ನೂರ ಮೂವತ್ತು. ಅಲ್ಲಿಯೂ ಎರಡು ಡಬ್ಬಿಗಳನ್ನು ಅದಲುಬದಲು ಮಾಡುವ ಸಾಲುಗಳೇ ಇದ್ದವು. ಆದರೆ ಮೂರು ಸಾಲುಗಳು, ನಡುವೆ ಒಂದು ಖಾಲಿ ಡಬ್ಬಿ.

ಅಷ್ಟರಲ್ಲಿ ಪರದೆ ಕಪ್ಪಾಯಿತು. ಫ್ಯಾನು ನಿಧಾನವಾಗಿ ನಿಂತಿತು. ಕರೆಂಟು ಹೋಗಿತ್ತು. ಗನಿಯವರ ನೋಟ್‌ಬುಕ್ಕಿನಲ್ಲಿ ಐದೂ ಸಾಲುಗಳು ಇಳಿದಿದ್ದವು.

ಅವರು ಆ ಪುಟವನ್ನು ಮತ್ತೊಮ್ಮೆ ಓದಿದರು. ಮಗಳನ್ನು ಮೇಲೆ ತರುವುದೇ ಶಾಂತಲಿಂಗಪ್ಪನವರ ಉದ್ದೇಶವಾಗಿದ್ದರೆ ಬಾನುಬಿಯ ಅಂಕ ಇಳಿಸಿದರೆ ಸಾಕಿತ್ತು, ಅದಕ್ಕೆ ಒಂದೇ ಸಾಲು ಸಾಕು. ಎರಡನೆಯ ಸಾಲಿನಿಂದ ಏನೂ ಆಗುವುದಿಲ್ಲ. ಎಪ್ಪತ್ತೆಂಟನ್ನು ತೆಗೆದು ಎಪ್ಪತ್ತೆಂಟರ ಮೇಲೆ ಇಡುತ್ತದೆ, ಅಷ್ಟೇ. ಅದನ್ನು ಬರೆದವನು ದೌಲತರಾಯರ ಮಗನಿಗೆ ತೊಂಬತ್ತೊಂದು ಸಿಗುತ್ತದೆಂದು ನಂಬಿಯೇ ಬರೆದಿದ್ದಾನೆ. ಸಿಗಲಿಲ್ಲ. ಮೊದಲನೆಯವಳು ಕೆಳಗಿಳಿದಳು, ಅವನು ಮೇಲೇರಲಿಲ್ಲ, ನಡುವೆ ಇದ್ದ ಎಂಬತ್ತನಾಲ್ಕು ತಾನಾಗಿ ಮೊದಲಿಗೆ ಬಂದು ನಿಂತಿತು. ಬೇರೆ ಯಾರದೋ ತಪ್ಪಿನಿಂದ ಮಾಸ್ತರರ ಮಗಳು ಮೊದಲನೆಯವಳಾದಳು, ಮಾಸ್ತರರು ಕಳ್ಳರಾದರು.

ಮೂರು ಲೋಟಗಳನ್ನಿಟ್ಟು ವರ್ಷ ವರ್ಷವೂ ಪಾಠ ಹೇಳಿದ ಮನುಷ್ಯ ಮಾಡುವ ತಪ್ಪಲ್ಲ ಅದು.

“ಇದನ್ನ ಬುಧವಾರನೇ ಯಾಕ ನೋಡ್ಲಿಲ್ಲ ನಿಮ್ಮಪ್ಪಾರು?” ಎಂದು ಗನಿ ಮೆಲ್ಲಗೆ ಕೇಳಿದರು.

ಬುಧವಾರ ಅಪ್ಪ ಮನೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದವರು ಏಳಲೇ ಇಲ್ಲವೆಂದು ಅವಳು ಹೇಳಿದಳು. ಮಗಳ ಮುಖವನ್ನೂ ನೋಡಲಿಲ್ಲ. ಗುರುವಾರ ಬೆಳಿಗ್ಗೆ ಮಾತ್ರ ಎಲ್ಲರಿಗಿಂತ ಮೊದಲೇ ಶಾಲೆಗೆ ಹೋದರು. ಅವಳು ಆ ದಿನ ಶಾಲೆಗೆ ಹೋಗಿರಲಿಲ್ಲ. ಆಮೇಲೆ ಅವಳು ಅವರನ್ನು ನೋಡಿದ್ದು ಬಾವಿಯ ಕಟ್ಟೆಯ ಮೇಲೆ.

ಹನ್ನೊಂದು ಗಂಟೆಗೆ ಕಲ್ಯಾಣಪ್ಪ ಬಂದರು. ಗನಿಯವರೇ ಹೇಳಿಕಳಿಸಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬೋಳಿಸದ ಗಡ್ಡ. ಶಾಂತಲಿಂಗಪ್ಪನವರ ಇಪ್ಪತ್ತು ವರ್ಷದ ಗೆಳೆಯ. ಮಣ್ಣು ಮಾಡುವಾಗ ಹೆಗಲು ಕೊಟ್ಟವರಲ್ಲಿ ಇವರೇ ಮುಂದಿದ್ದರು. ಬಂದವರೇ ಶಿವಕಾಂತಾಳ ತಲೆಯ ಮೇಲೆ ಕೈಯಿಟ್ಟು, ಉಂಡಿಯೇನವ್ವಾ ಎಂದು ಕೇಳಿದರು. ಅವಳು ಹೂಂ ಎಂದಳು.

ಗನಿ ಅವರನ್ನು ಕೂಡಿಸಿಕೊಂಡು ಸಲೀಸಾಗಿ ಮಾತಿಗೆಳೆದರು. ಕಂಪ್ಯೂಟರ್ ಕಲಿಸುವ ಮೂರು ವಾರಗಳ ತರಬೇತಿಗೆ ಗುಲಬರ್ಗಾಕ್ಕೆ ಇಬ್ಬರೂ ಕೂಡಿಯೇ ಹೋಗಿದ್ದು ನಿಜವೇ? ನಿಜ. ಇಬ್ಬರೂ ಪೂರ್ತಿ ಕಲಿತಿರಾ? ಇಲ್ಲ. ಆರನೆಯ ದಿನವೇ ಜೇವರ್ಗಿಯಿಂದ ತಾಯಿಗೆ ಹುಷಾರಿಲ್ಲವೆಂದು ತಾರು ಬಂತು, ಕಲ್ಯಾಣಪ್ಪ ಹೊರಟು ಹೋದರು, ಮತ್ತೆ ಹೋಗಲಾಗಲಿಲ್ಲ. ಉಳಿದದ್ದನ್ನು ಶಾಂತಲಿಂಗಪ್ಪ ಮಾಡುವಾಗ ನೋಡಿ ನೋಡಿ ಕಲಿತದ್ದು.

“ನನಗೂ ಒಂದೀಟು ಕಲಸ್ರಿ ಮಾಸ್ತರ್ರ. ವರದಿಯೊಳಗ ಬರೀಬೇಕು, ಏನೂ ತಿಳೀವಲ್ದು.” ಗನಿ ಕರಿಹಲಗೆಯ ಹತ್ತಿರ ಹೋಗಿ ಎರಡು ಚೌಕ ಬರೆದರು. ಒಂದರಲ್ಲಿ ನಲವತ್ತು, ಇನ್ನೊಂದರಲ್ಲಿ ಅರವತ್ತು. “ಇವೆರಡೂ ಅದಲಿಬದಲಿ ಆಗಬೇಕು. ಕಂಪ್ಯೂಟರಿಗೆ ಹೆಂಗ ಹೇಳ್ತೀರಿ?”

ಶಿವಕಾಂತಾ ಸುಣ್ಣದ ಕಡ್ಡಿಯನ್ನು ಕಲ್ಯಾಣಪ್ಪನವರ ಕೈಗೆ ಕೊಟ್ಟಳು.

ಅವರು ಎದ್ದರು. ಪಾಠ ಹೇಳುವ ಅಭ್ಯಾಸದ ಕೈ, ಅನುಮಾನವೇ ಇಲ್ಲದೆ ಬರೆಯಿತು. ಎರಡನೆಯದನ್ನು ಮೊದಲನೆಯದಕ್ಕೆ ಹಾಕು. ಮೊದಲನೆಯದನ್ನು ಎರಡನೆಯದಕ್ಕೆ ಹಾಕು. ಎರಡು ಸಾಲು.

ಬರೆದು, ಕೈಯ ಪುಡಿ ಕೊಡವಿ ತಿರುಗಿದರು. ಆ ಇಬ್ಬರೂ ಹಲಗೆಯನ್ನು ನೋಡುತ್ತಿದ್ದ ರೀತಿಗೆ ಅವರ ಮುಖ ಬದಲಾಯಿತು.

ಶಿವಕಾಂತಾ ಮುಂದೆ ಬಂದು ಮೊದಲ ಚೌಕದ ನಲವತ್ತನ್ನು ಬೆರಳಿನಿಂದ ಒರೆಸಿ ಅರವತ್ತು ಎಂದು ಬರೆದಳು. ಎರಡನೆಯದರ ಅರವತ್ತನ್ನು ಒರೆಸಿ ಮತ್ತೆ ಅರವತ್ತು ಎಂದೇ ಬರೆದಳು.

“ನಲವತ್ತು ಎಲ್ಲಿ ಹೋಯ್ತು ಕಾಕಾ?” ಎಂದಳು.

ಕಲ್ಯಾಣಪ್ಪ ಹಲಗೆಯನ್ನು ನೋಡಿದರು, ಅವಳನ್ನು ನೋಡಲಿಲ್ಲ. ಗನಿ ನೋಟ್‌ಬುಕ್ಕನ್ನು ತೆರೆದು ಮೇಜಿನ ಮೇಲಿಟ್ಟರು. ಇನ್ನೂರ ನಲವತ್ತೊಂದು, ಇನ್ನೂರ ನಲವತ್ತೆರಡು. ಹಲಗೆಯ ಮೇಲಿದ್ದುದೂ ಅದೇ, ಅಂಕಿಗಳಷ್ಟೇ ಬೇರೆ.

ಕಲ್ಯಾಣಪ್ಪ ಮಕ್ಕಳ ಬೆಂಚಿನ ಮೇಲೆ ಕುಳಿತರು. ಮೊಣಕಾಲುಗಳು ಡೆಸ್ಕಿಗೆ ತಾಗುತ್ತಿದ್ದವು. ಅವರೇನೂ ವಾದಿಸಲಿಲ್ಲ. ಬುಧವಾರ ಬೆಳಿಗ್ಗೆ ಎಂಟು ಗಂಟೆಗೆ ಬಂದು ಕ್ಯಾಸೆಟ್ಟಿನಿಂದ ಪ್ರೋಗ್ರಾಂ ತೆಗೆದು ಎರಡು ಸಾಲು ಸೇರಿಸಿ ಅದೇ ಕ್ಯಾಸೆಟ್ಟಿಗೆ ಮರಳಿ ತುಂಬಿದ್ದನ್ನು ಒಪ್ಪಿಕೊಂಡರು. ಹದಿನಾಲ್ಕು ವರ್ಷದಿಂದ ಅವರದು ಹಂಗಾಮಿ ನೌಕರಿ. ಕಾಯಂ ಮಾಡುವ ಕಾಗದಕ್ಕೆ ಅಧ್ಯಕ್ಷರ ಸಹಿ ಬೇಕಿತ್ತು. ದೌಲತರಾಯರು ಬಾಯಿ ಬಿಟ್ಟು ಏನನ್ನೂ ಕೇಳಲಿಲ್ಲ. ಮಗನ ನಂಬರು ಹತ್ತೊಂಬತ್ತು ಎಂದಷ್ಟೇ ಹೇಳಿದ್ದರು.

“ಪಟ್ಟಿಯೊಳಗ ಈಕಿ ಹೆಸರು ಬಂತು. ಯಾಕ ಬಂತು ನನಗ ಗೊತ್ತಾಗ್ಲಿಲ್ಲ ಸಾಹೇಬ್ರ. ಎಲ್ಲಾರೂ ಅವಗ ಬಯ್ಯಾಕತ್ತಿದ್ರು. ನಾ ಅಲ್ಲೇ ನಿಂತಿದ್ದೆ. ಬಾಯಿ ತಗೀಲಿಲ್ಲ.”

“ಶಾಂತಲಿಂಗಪ್ಪನವರಿಗೆ ಗೊತ್ತಾಯ್ತೋ ಇಲ್ಲೋ?”

“ಗುರುವಾರ ಗೊತ್ತಾಯ್ತು.” ಕಲ್ಯಾಣಪ್ಪ ಎರಡೂ ಅಂಗೈಗಳನ್ನು ತೊಡೆಯ ಮೇಲಿಟ್ಟುಕೊಂಡು ಅವುಗಳ ಸುಣ್ಣವನ್ನೇ ನೋಡಿದರು. “ಮಧ್ಯಾಹ್ನ ನನ್ನ ಇಲ್ಲೇ ಕರದ. ಬಯ್ತಾನಂತ ತಿಳದಿದ್ದೆ. ಬಯ್ಲಿಲ್ಲ. ಆ ಎರಡು ಸಾಲು ತೋರಿಸಿ, ಒಂದು ಡಬ್ಬಿ ಕಮ್ಮಿ ಬಿತ್ತಲ್ಲೋ ಕಲ್ಯಾಣಿ, ನಾ ನಿನಗ ಸರಿಯಾಗಿ ಕಲಸಲಿಲ್ಲ ಅಂದ.”

ಶಿವಕಾಂತಾ ಹೊರಗೆ ಹೋಗಿ ವರಾಂಡದ ಕಂಬದ ಹತ್ತಿರ ನಿಂತಳು. ಅಲ್ಲಿಂದಲೂ ಮಾತು ಕೇಳುತ್ತಿತ್ತು. ಗನಿಯವರಿಗೆ ಅವಳನ್ನು ದೂರ ಕಳಿಸಬೇಕೆನ್ನಿಸಿತು, ಎಲ್ಲಿಗೆಂದು ಕಳಿಸುವುದೆಂದು ತೋಚಲಿಲ್ಲ.

ಉಳಿದದ್ದನ್ನು ಕಲ್ಯಾಣಪ್ಪ ತಡೆತಡೆದು ಹೇಳಿದರು. ಶುಕ್ರವಾರ ಗುಲಬರ್ಗಾದಲ್ಲಿ ಶಿಕ್ಷಣ ಇಲಾಖೆಯ ದೊಡ್ಡ ಸಾಹೇಬರ ಎದುರಿಗೆ ಯಂತ್ರವನ್ನಿಟ್ಟು ಎಲ್ಲವನ್ನೂ ತೋರಿಸುವುದಾಗಿ ಶಾಂತಲಿಂಗಪ್ಪ ಹೇಳಿದರು. ನೀನೂ ಬಾ, ನೀನಾಗಿಯೇ ಹೇಳಿದರೆ ನೌಕರಿಯಾದರೂ ಉಳಿದೀತು ಎಂದರು. ಅದಕ್ಕೂ ಮೊದಲು ಹಿರೋಳ್ಳಿಗೆ ಹೋಗಿ ಬರುವುದಿತ್ತು. ಬಾನುಬಿ ಗುರುವಾರ ಶಾಲೆಗೆ ಬಂದಿರಲಿಲ್ಲ. ಅವಳ ಮನೆಗೆ ಹೋಗಿ ಮೊದಲನೆಯವಳು ನೀನೇ ಎಂದು ತಾವೇ ಹೇಳಬೇಕೆಂದು ಅವರ ಮನಸ್ಸು. ಎರಡು ಗಂಟೆಯ ಬಸ್ಸಿಗೆ ಹೋದರು. ಆಮೇಲಿನದು ತನಗೇನೂ ಗೊತ್ತಿಲ್ಲ ಎಂದರು ಕಲ್ಯಾಣಪ್ಪ.

“ಹಿರೋಳ್ಳಿಗೆ ಹೋದದ್ದು ಯಾರಿಗಾದ್ರೂ ಹೇಳಿದ್ರೇನು?”

“ಇಲ್ರಿ.”

ಉತ್ತರ ಬೇಗ ಬಂದಿತ್ತು. ಗನಿ ಅದನ್ನು ಬರೆದುಕೊಂಡರು. ಕೆಳಗೊಂದು ಗೆರೆ ಎಳೆದರು. ಗುಲಬರ್ಗಾದ ಚೀಟಿಯನ್ನು ಜೇಬಿನಿಂದ ತೆಗೆದು ಎರಡಾಗಿ ಮಡಿಸಿ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಸೇರಿಸಿದರು. ಕಡತ ಇಂದು ಮುಚ್ಚುವುದಿಲ್ಲ. ಇಷ್ಟಾದರೂ ಅವರಿಗೆ ಸಮಾಧಾನವಾಗಲಿಲ್ಲ. ಸತ್ತವನು ಕಳ್ಳನಲ್ಲವೆಂದು ಸಾಬೀತು ಮಾಡಿದ್ದರು, ಆದರೆ ಅದನ್ನು ಕೇಳಬೇಕಾದವನು ಮಣ್ಣಿನಲ್ಲಿದ್ದ.

ವರಾಂಡದಿಂದ ಹೆಂಗಸೊಬ್ಬಳ ದನಿ ಕೇಳಿಸಿತು.

ನಲವತ್ತರ ಹತ್ತಿರದ ಹೆಂಗಸು. ಸೀರೆಯ ಅಂಚಿಗೆ ತೊಗರಿ ಹೊಟ್ಟಿನ ಧೂಳು, ತಲೆಯ ಮೇಲೆ ಸೆರಗು, ಕೈಯಲ್ಲಿ ಬಿಳಿ ಬಟ್ಟೆಯ ಗಂಟು. ಬಸ್ಸಿಳಿದು ನೇರ ಇಲ್ಲಿಗೇ ನಡೆದು ಬಂದಿದ್ದಳು. ಮೂರು ದಿನ ಗಡಿಯಾಚೆಯ ಊರಿನಲ್ಲಿ ತೊಗರಿ ಬಡಿಯುವ ಕೂಲಿಗೆ ಹೋಗಿದ್ದೆ, ನಸುಕಿನಲ್ಲಷ್ಟೇ ತಿರುಗಿ ಬಂದೆ ಎಂದು ಶಿವಕಾಂತಾಳಿಗೆ ಹೇಳುತ್ತಿದ್ದಳು. ಶಾಲೆಗೆ ಯಾಕೆ ರಜೆಯೆಂದೂ ಕೇಳಿದಳು. ಆಳಂದದ ಸುದ್ದಿ ಯಾವುದೂ ಅವಳನ್ನು ಮುಟ್ಟಿರಲಿಲ್ಲ.

“ಮಾಸ್ತರ್ ಸಾಹೇಬ್ರು ಎಲ್ಲ್ಯಾರವ್ವ? ಗುಲಬರ್ಗಾದಿಂದ ಬಂದಾರೋ ಇಲ್ಲೋ?” ಅವಳು ಗಂಟನ್ನು ಎತ್ತಿ ತೋರಿಸಿದಳು. “ನಮ್ಮ ಬಾನುಗ ರೊಟ್ಟಿ ಮತ್ತ ಶೇಂಗಾ ಹಿಂಡಿ ಮಾಡ್ಕೊಂಡು ಬಂದೀನಿ. ಒಂದ ಜೋಡಿ ಬಟ್ಟಿ ಮ್ಯಾಲೇ ಹೋಗ್ಯಾಳ ಹುಡುಗಿ.”

ಶಿವಕಾಂತಾ ಕಂಬವನ್ನು ಹಿಡಿದುಕೊಂಡಳು.

ಗನಿ ಹೊರಗೆ ಬಂದರು. ಖಾಕಿ ಕಂಡು ಬಾನುಬಿಯ ಅಮ್ಮ ಹಜರಾಬಿ ಸೆರಗನ್ನು ಸರಿಮಾಡಿಕೊಂಡಳು. ಅವರು ಅವಳನ್ನು ಕಟ್ಟೆಯ ಮೇಲೆ ಕೂಡಿಸಿ, ತಾವೂ ಮಗ್ಗುಲಲ್ಲಿ ಕುಳಿತು, ದನಿ ತಗ್ಗಿಸಿ ಒಂದೊಂದಾಗಿ ಕೇಳಿದರು. ಬಾನುಬಿ ಯಾವಾಗ ಹೊರಟಳು? ಗುರುವಾರ. ಯಾರ ಜೊತೆ? ಮಾಸ್ತರರ ಜೊತೆ. ಮಾಸ್ತರರು ಮನೆಗೆ ಬಂದು, ನಿನ್ನ ಮಗಳು ತಾಲೂಕಿಗೇ ಮೊದಲು ಬಂದಿದ್ದಾಳೆ, ದೊಡ್ಡ ಸಾಹೇಬರ ಎದುರಿಗೆ ನಿಲ್ಲಿಸಬೇಕು, ಇವತ್ತು ನಮ್ಮ ಮನೆಯಲ್ಲಿ ಮಗಳ ಜೊತೆ ಮಲಗಲಿ, ನಾಳೆ ನಾನೇ ಗುಲಬರ್ಗಾಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದರಂತೆ. ಐದು ಗಂಟೆಯ ಬಸ್ಸಿಗೆ ಇಬ್ಬರನ್ನೂ ಹತ್ತಿಸಿದ್ದು ತಾನೇ. ಮಗಳು ಕಿಟಕಿಯಿಂದ ಕೈ ಬೀಸಿದಳಂತೆ.

“ಮನಿಗಿ ಬಂದಿಲ್ಲ,” ಎಂದಳು ಶಿವಕಾಂತಾ. ತನಗೆ ತಾನೇ ಹೇಳಿಕೊಂಡಂತಿತ್ತು. “ಆಕಿ ನಮ್ಮ ಮನಿಗಿ ಬಂದೇ ಇಲ್ಲ.”

ಹಜರಾಬಿ ಅವಳ ಮುಖ ನೋಡಿದಳು. ಗನಿಯವರ ಮುಖ ನೋಡಿದಳು. ಗಂಟಿನ ಮೇಲಿದ್ದ ಅವಳ ಬೆರಳುಗಳು ಬಿಗಿಯಾದವು.

ಬಾಗಿಲಲ್ಲಿ ಕಲ್ಯಾಣಪ್ಪ ನಿಂತಿದ್ದರು. ಯಾವಾಗ ಎದ್ದು ಬಂದರೋ ಯಾರೂ ಗಮನಿಸಿರಲಿಲ್ಲ. ಅವರು ಬಾಗಿಲು ದಾಟಿ ವರಾಂಡಕ್ಕೆ ಬಂದರು.

“ಹಿರೋಳ್ಳಿಯಿಂದ ಅವ ಒಬ್ಬನೇ ಬರ್ತಾನಂತ ಹೇಳಿದ್ದೆ ನಾ,” ಎಂದರು. “ಹುಡುಗಿ ಜೋಡಿ ಇರ್ತಾಳಂತ ನನಗ ಗೊತ್ತಿರ್ಲಿಲ್ಲ.”

ಗನಿ ತಿರುಗಿದರು.

“ಯಾರಿಗೆ ಹೇಳಿದ್ರಿ?”

“ದೌಲತರಾಯರಿಗ್ರಿ,” ಎಂದರು ಕಲ್ಯಾಣಪ್ಪ. ಹಜರಾಬಿ ಎದ್ದು ಅವರ ಎದುರಿಗೆ ಬಂದು ನಿಂತಳು.